ಪ್ರತಿ ಕಾರ್ಡಿನ ಮೊದಲ ಚಿತ್ರ

"ಇದು ಆಗೂ ಮಾತಲ್ಲ, ಹೋಗವ್ವ" ಎಂದು ಮೊದಲು ಹೇಳಿದವರು ಚಾಚಾ ಅವರೇ. ತೋರುಬೆರಳು ಅರ್ಧಕ್ಕೇ ಮುಗಿದಿದ್ದ ಬಲಗೈಯಲ್ಲಿ ನನ್ನ ಕ್ಯಾಮೆರಾ ಹಿಡಿದು, ಒಳಗೆ ಕಾಳೇನಾದರೂ ಇದೆಯೋ ಎಂಬಂತೆ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. "ಚಿಗರಿ ನಮ್ಮ ಕಣ್ಣಿಗೇ ಬೀಳಲ್ಲ. ಈ ಡಬ್ಬಿಗಿ ಬೀಳ್ತಾವೇನು?" ನಮ್ಮ ಕಡೆ ಜಿಂಕೆಗೆ ಚಿಗರಿ ಎಂದೇ ಹೆಸರು.

ಅವರು ಚಿಂಚೋಳಿ ಕಾಡಿನಲ್ಲಿ ದಿನಗೂಲಿ ವಾಚರ್. ಎಲ್ಲರೂ ಚಾಚಾ ಎನ್ನುತ್ತಿದ್ದರು, ನಾನೂ ಅಂದೆ. ಚಿಕ್ಕವರಿದ್ದಾಗ ಶಿಕಾರಿಗೆ ಬಂದವರ ಮುಂದೆ ಡಬ್ಬ ಬಡಿಯುತ್ತ ಜಿಂಕೆ ಎಬ್ಬಿಸುವ ಕೆಲಸ ಮಾಡಿದ್ದರಂತೆ. ಬೇಟೆ ನಿಂತುಹೋಗಿ ಎಷ್ಟೋ ವರ್ಷಗಳ ಮೇಲೆ ಅದೇ ಕಾಡಿನಲ್ಲಿ ಜಿಂಕೆಗಳನ್ನು ಕಾಯುವ ಕೆಲಸ ಸಿಕ್ಕಿತ್ತು. "ಆಗ ಓಡಸ್ತಿದ್ದೆ, ಈಗ ನಿಂದ್ರಸ್ಲಿಕತ್ತೀನಿ" ಎಂದು ನಗುತ್ತಿದ್ದರು.

ನಾನು ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ರಾವೂರಿನ ಕಲ್ಲಿನ ಗಣಿಯಲ್ಲಿ ಅಪ್ಪ ನೆಲಕ್ಕೆ ಹಾಸುವ ಫರಸಿ ಎಬ್ಬಿಸುತ್ತಾನೆ, ಅವ್ವ ಹೊರುತ್ತಾಳೆ. ನಮ್ಮ ಮನೆಯಲ್ಲಿ ಹತ್ತನೇ ತರಗತಿ ದಾಟಿದವಳು ನಾನೊಬ್ಬಳೇ. ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಭಾಗದವರು ಮೂರು ಕ್ಯಾಮೆರಾ ಕೊಟ್ಟಿದ್ದರು. ಗಿಡಕ್ಕೆ ಕಟ್ಟಿ ಬಂದರೆ ಸಾಕು, ಎದುರಿಗೆ ಏನು ಸುಳಿದರೂ ತಾವೇ ಚಿತ್ರ ತೆಗೆಯುವಂಥವು. ಎರಡು ತಿಂಗಳಲ್ಲಿ ಜಿಂಕೆಗಳು ಎಲ್ಲಿ ಮೇಯುತ್ತವೆ, ಯಾವ ಹೊತ್ತಿಗೆ ನೀರಿಗೆ ಬರುತ್ತವೆ ಎಂದು ಬರೆದುಕೊಡಬೇಕಿತ್ತು. ಆಗದಿದ್ದರೆ ಒಂದು ವರ್ಷ ಹೋದ ಹಾಗೆ. ವರ್ಷ ಹೋದರೆ ಓದು ಬಿಟ್ಟು, ಕೇಳಿಕೊಂಡು ಬಂದಿದ್ದ ಸೇಡಂನ ಗಂಡಿಗೆ ಹೂಂ ಅನ್ನಬೇಕೆಂದು ಅಪ್ಪ ಮೊದಲೇ ನನ್ನಿಂದ ಮಾತು ತೆಗೆದುಕೊಂಡಿದ್ದ.

ಮೊದಲ ತಪ್ಪು ನಮ್ಮ ಮನೆಯಿಂದಲೇ ಆಯಿತು. ಗಣಿಗೆ ಹೊಸ ಮಷಿನ್ ಬಂದರೆ ಪೂಜೆಯಾಗದೆ ಯಾರೂ ಗುಂಡಿ ಒತ್ತುವುದಿಲ್ಲ. ಅವ್ವನ ಪಾಲಿಗೆ ಕ್ಯಾಮೆರಾ ಕೂಡ ಮಷಿನ್ನೇ. ಅವಳು ಹೇಳಿಕಳಿಸಿದಂತೆ ಮೂರಕ್ಕೂ ಕುಂಕುಮ ಹಚ್ಚಿ, ಗಿಡದ ಬುಡದಲ್ಲಿ ಊದಿನಕಡ್ಡಿ ಬೆಳಗಿ, ಒಡೆದ ತೆಂಗಿನಕಾಯಿ ಇಟ್ಟು ಬಂದೆ. ಚಾಚಾ ಅಂದು ಕಾಡಿನ ಬೇರೆ ಬೀಟಿನಲ್ಲಿ ಕಾವಲಿಗಿದ್ದರು.

ಹನ್ನೆರಡು ದಿನ ಬಿಟ್ಟು ಕ್ಯಾಮೆರಾಗಳ ಮೆಮೊರಿ ಕಾರ್ಡು ತೆಗೆದು ನೋಡಿದರೆ ಬರೀ ಮಂಗಗಳು. ಕಾಯಿ ತಿನ್ನುವ ಮಂಗ, ಗಾಜು ನೆಕ್ಕುವ ಮಂಗ, ಹಲ್ಲು ಕಿರಿದ ಮಂಗ. ಒಂದು ಕ್ಯಾಮೆರಾವನ್ನಂತೂ ಆಕಾಶದ ಕಡೆ ತಿರುಗಿಸಿಬಿಟ್ಟಿದ್ದವು. ಜಿಂಕೆ ಒಂದೂ ಇರಲಿಲ್ಲ. ನಾನು ಅಲ್ಲೇ ಕುಳಿತು ಅತ್ತೆ.

ಚಾಚಾ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಟೋಪಿ ಜಾರಿ ಬೀಳುವಷ್ಟು ನಕ್ಕರು. "ಅವ್ವ ಪೂಜಾ ಮಾಡ್ಸ್ಯಾಳ, ಹಣಮಪ್ಪ ಬಂದು ಪ್ರಸಾದ ತಗೊಂಡು ಹೋಗ್ಯಾನ. ತಪ್ಪೇನದ? ಖರೆ ಚಿಗರಿಗಿ ಊದಿನಕಡ್ಡಿ ಆಗಿಬರಲ್ಲ, ಬೇಟಿ. ಅವು ಮೂಗಿಲೇ ನೋಡ್ತಾವ." ನನ್ನ ಕಣ್ಣು ಒರೆಸಿಕೊಳ್ಳಲು ತಮ್ಮ ಟವೆಲ್ ಕೊಟ್ಟರು. "ಏಳು. ನಾಳಿಂದ ಸಾಬೂನು ಹಚ್ಕೊಂಡು ಬರಬ್ಯಾಡ. ತಲಿಗಿ ಎಣ್ಣಿನೂ ಬ್ಯಾಡ."

ಆಗೂ ಮಾತಲ್ಲ ಅಂದಿದ್ದ ಮನುಷ್ಯ ಮರುದಿನದಿಂದ ನನಗಿಂತ ಮೊದಲೇ ಬಂದು ನಿಲ್ಲುತ್ತಿದ್ದರು. ಕ್ಯಾಮೆರಾಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹೊರಗಿನ ಡಬ್ಬಿಗೆ ಮಣ್ಣು ಸವರಿದರು. ನಾನು ನನ್ನ ಎದೆಯ ಎತ್ತರಕ್ಕೆ ಕಟ್ಟಿದ್ದನ್ನು ಬಿಚ್ಚಿ ಕೆಳಗಿಳಿಸಿದರು. ಹಳ್ಳದ ದಂಡೆಯಲ್ಲಿ ಗೊರಸಿನ ಗುರುತು ನೋಡಿ, "ಇದು ಹೋಗಿದ್ದು, ಇದು ಬಂದಿದ್ದು. ಬರೂ ದಾರಿಗಿ ಕಟ್ಟು" ಎಂದರು. ಆಮೇಲೆ, ನಾನು ಬೇಡ ಬೇಡ ಎನ್ನುತ್ತಿದ್ದರೂ, ನೆಲಕ್ಕೆ ಕೈಯೂರಿ ನಾಲ್ಕು ಕಾಲಿನ ಮೇಲೆ ಕ್ಯಾಮೆರಾದ ಮುಂದೆ ಅತ್ತಿಂದಿತ್ತ ನಡೆದರು. "ನಾನು ಚಿತ್ರದಾಗ ಬಿದ್ದೀನಿಲ್ಲ? ನನ್ನ ಬೆನ್ನು ಬಿದ್ರ ಚಿಗರಿ ಬಿದ್ದಂಗ."

ಅವರಿಗೆ ಮೊಣಕಾಲು ನೋವಿತ್ತು. ಮಸೀದಿಯಲ್ಲಿ ಕುರ್ಚಿಯ ಮೇಲೆ ಕುಳಿತೇ ನಮಾಜ್ ಮಾಡುತ್ತಿದ್ದರು. ಅದು ನನಗೆ ಆಮೇಲೆ ತಿಳಿಯಿತು.

ಮುಂದಿನ ಕಾರ್ಡಿನಲ್ಲಿ ಮೊದಲ ಚಿತ್ರ ಚಾಚಾರದೇ: ಟೋಪಿ, ಬಿಳಿ ಗಡ್ಡ, ನೆಲಕ್ಕೂರಿದ ಅರ್ಧ ಬೆರಳು. ಹತ್ತೊಂಬತ್ತನೆಯದರಲ್ಲಿ ಒಂದು ಹೆಣ್ಣು ಜಿಂಕೆ, ಅದರ ಹಿಂದೆ ಕಿವಿಯಷ್ಟೇ ಕಾಣುವ ಮರಿ. ನಾನು ಕೂಗಿಬಿಟ್ಟೆ. ಅವರು ತುಟಿಯ ಮೇಲೆ ಬೆರಳಿಟ್ಟರು.

ಚಾಚಾರ ಜೊತೆ ಚಿಂಚೋಳಿ ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಗೆ ಹೋದಾಗ, ಹಿಗ್ಗು ತಡೆಯದೆ ಆ ಚಿತ್ರವನ್ನು ಮೊಬೈಲಿನಲ್ಲಿ ಅಂಗಡಿಯವನಿಗೆ ತೋರಿಸುತ್ತಿದ್ದೆ. ಪಕ್ಕದಲ್ಲಿದ್ದ ಒಬ್ಬ ಭಾಳ ಆಸಕ್ತಿಯಿಂದ ಬಗ್ಗಿದ. "ಛಲೋ ಮೈ ತುಂಬ್ಯಾದ. ಎಲ್ಲಿ ಸಿಕ್ತರಿ ಮೇಡಂ?"

ನಾನು ಬಾಯಿ ತೆರೆಯುವ ಮೊದಲೇ ಚಾಚಾ, "ಕಾಳಗಿ ಕಡೆರಿ. ಭಾಳ ದೂರ" ಎಂದು ಕಪ್ಪಿನಿಂದ ಬಸಿಗೆ ಸುರಿದ ಚಹಾ ಊದಿ ಕುಡಿದರು.

ಹೊರಗೆ ಬಂದ ಮೇಲೆ ಅವರ ಮುಖದಲ್ಲಿ ನಗು ಇರಲಿಲ್ಲ. "ನಾನು ಡಬ್ಬ ಬಡದಾಂವ, ನನಗ ಗೊತ್ತದ. ಚಿಗರಿ ಎಲ್ಲಿ ಅದಾವ ಅಂತ ತಿಳಿದ್ರ ಸಾಕು, ಅರ್ಧ ಶಿಕಾರಿ ಮುಗದಂಗ. ನಿನ್ನ ಡಬ್ಬಿ ಅದನ್ನೇ ಹೇಳ್ತದ. ಅದಕ್ಕೇ ಅವತ್ತು ಆಗೂ ಮಾತಲ್ಲ ಅಂದಿದ್ದೆ." ಸ್ವಲ್ಪ ದೂರ ನಡೆದು, "ನಮಾಜಿ ಮನುಷ್ಯಾನ ಕಡಿಂದ ಸುಳ್ಳು ಹೇಳ್ಸಿದಿ ನೋಡು" ಎಂದು ತಲೆಯ ಮೇಲೆ ಮೊಟಕಿದರು. ನನ್ನ ವರದಿಯಲ್ಲಿ ಜಾಗಗಳಿಗೆ ಹೆಸರಿಲ್ಲ; ಒಂದು, ಎರಡು, ಮೂರು ಎಂದಷ್ಟೇ ಇದೆ. ವರದಿ ಪರೀಕ್ಷಿಸಲು ಬಂದವರು ಕಾರಣ ಕೇಳಿದಾಗ ಚಾಚಾ ಹೇಳಿದ್ದನ್ನೇ ಹೇಳಿದೆ. ಅವರು ಒಪ್ಪಿ ಪುಟ ತಿರುವಿದರು.

ಫಲಿತಾಂಶ ಬರುವ ಮೊದಲೇ ಚಾಚಾ ತೀರಿಕೊಂಡರು. ಎದೆನೋವೆಂದು ಮಲಗಿದವರು ಏಳಲಿಲ್ಲ. ಮನೆಯಲ್ಲಿ ಅವರ ಫೋಟೋ ಒಂದೂ ಇರಲಿಲ್ಲ. ನನ್ನ ಹತ್ತಿರ ಇಪ್ಪತ್ತೊಂದು ಇದ್ದವು, ಆಮೇಲೆ ಹಾಕಿದ ಪ್ರತಿ ಕಾರ್ಡಿನ ಮೊದಲ ಚಿತ್ರ; ಅಷ್ಟರಲ್ಲೂ ಅವರು ನಾಲ್ಕು ಕಾಲಿನ ಮೇಲೆ. ಸಂಕೋಚಪಡುತ್ತಲೇ ಒಂದನ್ನು ದೊಡ್ಡದು ಮಾಡಿಸಿ ಕೊಟ್ಟೆ. ಅವರ ಹೆಂಡತಿ ಅದನ್ನು ಬಹಳ ಹೊತ್ತು ನೋಡಿದರು. "ಮೊಣಕಾಲು ನೋವಂತ ನನ್ನ ಕಡಿಂದ ಒಂದು ಗಿಲಾಸ್ ನೀರೂ ಕೈಯಾಗೇ ತರಿಸ್ಕೊಂತಿದ್ರಲ್ಲ ಈ ಮುದುಕ!" ಎಂದು ನಗಲು ಹೋಗಿ, ಸೆರಗು ಬಾಯಿಗಿಟ್ಟುಕೊಂಡರು.

ಪದವಿ ಪತ್ರ ಬಂದ ದಿನ ಅದನ್ನು ಸೀದಾ ರಾವೂರಿಗೆ ತಂದೆ. ಅವ್ವ ಆಗಷ್ಟೇ ಗಣಿಯಿಂದ ಬಂದಿದ್ದಳು. ಕಲ್ಲಿನ ಧೂಳು ಹೋಗುವಂತೆ ಎರಡು ಸಲ ಕೈ ತೊಳೆದು, ಸೆರಗಿಗೆ ಒರೆಸಿ, ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವಳಿಗೆ ಓದಲು ಬಾರದು. ನಾನು ಬೆರಳಿಟ್ಟು ನನ್ನ ಹೆಸರು ತೋರಿಸಿದೆ. ಅಪ್ಪನ ಹೆಸರು ತೋರಿಸಿದೆ.

"ಚಾಚಾನ ಹೆಸರು ಎಲ್ಲದ?"

"ಇದ್ರಾಗ ಇರಲ್ಲವ್ವ."

ಅವ್ವ ಪತ್ರವನ್ನು ಹಾಗೇ ನನ್ನ ಕೈಗೆ ಮರಳಿಸಿದಳು.

"ಹಂಗಾದ್ರ ಬರದವ್ರು ಮರ್ತಾರ. ಹೋಗಿ ಬರೆಸ್ಕೊಂಡು ಬಾ."