ಚುಕ್ಕಿಗಳ ನಡುವೆ ನಮ್ಮ ಎಮ್ಮೆ

ಕೆಚ್ಚಲು ಬಾತುಕೊಳ್ಳಬಹುದಿತ್ತು. ಕರು ಹಾಲು ಕುಡಿಯದೆ ಸೊರಗಬಹುದಿತ್ತು. ಎಮ್ಮೆ ಕಣ್ಣಿ ಹರಿದುಕೊಂಡು ಪಕ್ಕದವರ ಕಬ್ಬಿಗೆ ನುಗ್ಗಬಹುದಿತ್ತು, ಅವರು ನಮ್ಮೊಡನೆ ಮಾತು ಬಿಡಬಹುದಿತ್ತು. ಹೊಳೆ ಏರಿ ನೀರು ಕೊಟ್ಟಿಗೆಯವರೆಗೆ ಬರಬಹುದಿತ್ತು. ಬಾಣಂತನಕ್ಕೆ ಬಂದಿದ್ದ ಮಗಳಿಗೆ ಹಾಲು ಸಾಲದೆ ಬೀಗರ ಮುಂದೆ ನನ್ನ ತಲೆ ತಗ್ಗಬಹುದಿತ್ತು. ಹೆಂಡತಿ ಜುಗೂಳದ ತವರಿನಿಂದ ಎಮ್ಮೆ ತರಿಸಿದ ದಿನವೇ ಇಷ್ಟನ್ನೂ ನಾನು ಯೋಚಿಸಿ ಮುಗಿಸಿದ್ದೆ. ಹಾಲೇ ನೀರಾದರೆ ಎಂಬುದೊಂದು ಬಾಕಿ ಇತ್ತು; ಅದನ್ನು ಚಿಕ್ಕೋಡಿಯ ಸಭೆ ಪೂರೈಸಿತು.

ಡೇರಿಗೆ ಹಾಲು ಹಾಕುವವರನ್ನೆಲ್ಲ ಕರೆದಿದ್ದ ಆ ಸಭೆಯಲ್ಲಿ ಪರದೆಯ ಮೇಲೊಂದು ಚಿತ್ರ ತೋರಿಸಿದರು. ಒಂದೊಂದು ಚುಕ್ಕಿ ಒಂದೊಂದು ಊರು. ದನಕ್ಕೆ ಸರಾಸರಿ ಹೆಚ್ಚು ಹಿಂಡಿ ಇಡುವ ಊರಿನ ಹಾಲಿನಲ್ಲಿ ಸರಾಸರಿ ಫ್ಯಾಟ್ ಕಡಿಮೆ, ಅಂದರೆ ಹಾಲು ತೆಳು. ಗೆರೆ ಕೆಳಗಿಳಿದಿತ್ತು, ಇಳಿಯುವ ಗೆರೆ ಕಂಡರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ವಿವರಿಸುವವರು ಮುಂದೆ ಇನ್ನೇನೋ ಹೇಳುತ್ತಿದ್ದರು. ನಾನಾಗಲೇ ಮನಸ್ಸಿನಲ್ಲಿ ಮನೆ ಮುಟ್ಟಿ ಬುಟ್ಟಿಯಿಂದ ಹಿಂಡಿ ತೆಗೆಯುತ್ತಿದ್ದೆ.

ಮರುದಿನದಿಂದ ಹಿಂಡಿ ಅರ್ಧವಾಯಿತು. ಹಿಂಡಿ ಮುಂದಿಟ್ಟರೇ ಹಾಲು ಇಳಿಸುವುದು ಆ ಎಮ್ಮೆಯ ರೂಢಿ. ಬುಟ್ಟಿಯ ತಳ ನೆಕ್ಕಿ ಅದು ನನ್ನ ಮುಖ ನೋಡುತ್ತಿತ್ತು. ವಾರದೊಳಗೆ ಹಾಲು ಗಟ್ಟಿಯಾಗಲಿಲ್ಲ, ಕಡಿಮೆಯಾಯಿತು. ಮಗಳ ಲೋಟ ತುಂಬಿಸುವುದರಲ್ಲಿ ನಮ್ಮ ಚಹಾ ಕಪ್ಪಾಯಿತು. ಹಿಂಡಿಯನ್ನು ಇನ್ನೂ ಸ್ವಲ್ಪ ಇಳಿಸಿದರೆ ಹೇಗೆ ಎಂದು ಯೋಚಿಸುತ್ತಿದ್ದಾಗ ಹೆಂಡತಿ ನನ್ನ ಕೈಯಿಂದ ಬುಟ್ಟಿ ಕಸಿದುಕೊಂಡಳು. ಸಭೆಯಲ್ಲಿ ಕಂಡ ಗೆರೆಯ ವಿಷಯ ಹೇಳಿದೆ.

"ಹಿಂಡಿ ಭಾಳ ಇಡೋ ಊರಾಗ ಕಟ್ಟಿದ್ದು ಎಮ್ಮಿ ಏನ್ರಿ, ಜರ್ಸಿ ಆಕಳ ಏನ್ರಿ?"

ಜರ್ಸಿ ಕಟ್ಟಿದ ಊರಿನಲ್ಲಿ ಹಿಂಡಿಯೂ ಹೆಚ್ಚು, ಹಾಲೂ ತೆಳು. ಎಮ್ಮೆ ಕಟ್ಟಿದ ಊರಿನಲ್ಲಿ ಹಿಂಡಿ ಕಡಿಮೆ. ಹಾಲು ಗಟ್ಟಿ ಇರುವುದು ಎಮ್ಮೆಯದ್ದಾದ್ದರಿಂದ. ಆ ಗೆರೆ ಊರಿನಿಂದ ಊರಿಗೆ ಹೋಗಿತ್ತೇ ಹೊರತು ಒಬ್ಬರ ಕೊಟ್ಟಿಗೆಯೊಳಗೂ ಹೊಕ್ಕಿರಲಿಲ್ಲ. ಹಿಂಡಿ ಬಿಟ್ಟು ಗಟ್ಟಿ ಹಾಲು ಕೊಟ್ಟ ಒಂದು ಎಮ್ಮೆಯನ್ನೂ ಆ ಚಿತ್ರ ತೋರಿಸಿರಲಿಲ್ಲ. ನಾನೇ ನಮ್ಮ ಎಮ್ಮೆಯನ್ನು ಒಯ್ದು ಊರುಗಳ ಸಾಲಿನಲ್ಲಿ ಕಟ್ಟಿದ್ದೆ.

"ನೀವು ಒಂದ ವಾರ ರೊಟ್ಟಿ ಬಿಟ್ಟ ನೋಡ್ರಿ," ಎಂದಳು. "ಗಟ್ಟಿ ಆಗ್ತೀರೇನು ನೋಡೂಣು."

ಹಿಂಡಿ ಮರಳಿತು, ಹಾಲೂ ಮರಳಿತು. ಮಗಳು, ಕೂಸು ಚೆನ್ನಾಗಿದ್ದಾರೆ. ಹೊಳೆ ತನ್ನ ಪಾಡಿಗೆ ಇದೆ. ಆದರೆ ನಾನು ಗೋದಲಿಯ ಹತ್ತಿರ ನಿಂತರೆ ಮಾತ್ರ ಎಮ್ಮೆ ತುಂಬಿದ ಬುಟ್ಟಿಗೂ ಬಾಯಿ ಹಾಕದೆ, ಹಾಲು ಇಳಿಸದೆ, ನನ್ನನ್ನೇ ನೋಡುತ್ತದೆ. ಹಾಲು ಹಿಂಡುವ ಹೊತ್ತಿಗೆ ಈಗ ನಾನು ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ.