ತಟ್ಟಿದ ಮೇಲೆ ಉಳಿಯುವ ಸದ್ದು

ಹೋದ ವಾರ ಬನಶಂಕರಿ ಮಾರುಕಟ್ಟೆಯ ಹತ್ತಿರ ಕುಡಿಯುವ ನೀರಿಗೆಂದು ಒಂದು ಮಡಕೆ ಕೊಳ್ಳುವಾಗ, ಅಭ್ಯಾಸದಂತೆ ಅದನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೆ ಹಿಡಿದೆ. ಜೊತೆಗಿದ್ದ ಮೊಮ್ಮಗಳು ಸಿರಿಗೆ ನಾಚಿಕೆಯಾಯಿತು. "ಅಜ್ಜಿ, ಎಲ್ರೂ ನೋಡ್ತಿದಾರೆ. ಒಳಗೆ ಯಾರಾದ್ರೂ ಇದಾರಾ?" ಅಂದಳು. ಮಡಕೆ ಮಾರುವವಳು ನಕ್ಕಳು, ನಾನೂ ನಕ್ಕೆ. ಆದರೆ ಆ ಸದ್ದು ಮನೆಯವರೆಗೂ ನನ್ನ ಜೊತೆ ಬಂತು. ಮಕ್ಕಳೇ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಿ ಅಂದರೆ ನನಗೆ ಈಗಲೂ ಬರುವುದಿಲ್ಲ.

ನಿಮ್ಮ ತಾತ ಕಾರ್ಖಾನೆಯೊಂದರಲ್ಲಿ ಮೀಟರ್ ರಿಪೇರಿ ಮಾಡುತ್ತಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳು. ಅವರ ಸ್ನೇಹಿತ ಗುರುಮೂರ್ತಿ ಬೇರೆ ಊರಿಗೆ ವರ್ಗವಾದಾಗ, ತಮ್ಮ ಕಂಪ್ಯೂಟರನ್ನು ನಮ್ಮ ಬಾಡಿಗೆ ಮನೆಯಲ್ಲಿ ಬಿಟ್ಟುಹೋಗಿದ್ದರು. ಹಳ್ಳಿಯಲ್ಲಿ ಏಳನೆಯ ತರಗತಿ ಓದಿದ ನಾನು ಅದರ ಧೂಳು ಒರೆಸಲೂ ಹೆದರುತ್ತಿದ್ದೆ. ತಾತ ಮಾತ್ರ ಅದಕ್ಕೆ ಗಂಟೆ ಬಾರಿಸುವುದನ್ನು ಕಲಿಸಲು ಹೊರಟಿದ್ದರು.

ಯಾರೋ ಬಾರಿಸಿದ್ದನ್ನು ಟೇಪಿನಲ್ಲಿ ಹಿಡಿದು ಕೇಳಿಸುವುದಲ್ಲ. ಬರೀ ಅಂಕಿಗಳಿಂದ ಗಂಟೆಯ ನಾದ ಹುಟ್ಟಿಸುವುದು. ಆ ಯಂತ್ರಕ್ಕೆ ತಾನಾಗಿ ಬರುತ್ತಿದ್ದುದು 'ಕೀಂ' ಎನ್ನುವುದೊಂದೇ. ಇವರು ಸೋಪಿನ ಡಬ್ಬಿಯೊಳಗೆ ಏನೇನೋ ಬೆಸುಗೆ ಹಾಕಿ, ಹಳೆಯ ರೇಡಿಯೊದ ಸ್ಪೀಕರನ್ನು ಅದಕ್ಕೆ ಜೋಡಿಸಿದ್ದರು. ಅವರು ಗುಂಡಿ ಒತ್ತಿದಾಗ ನಾನು ಅಕ್ಕಿ ಒಲೆಗಿಟ್ಟರೆ, ಅನ್ನ ಆಗುವ ಹೊತ್ತಿಗೆ ಅದರ ಲೆಕ್ಕ ಮುಗಿಯುತ್ತಿತ್ತು. ಆಮೇಲೆ ನಾಲ್ಕೇ ಸೆಕೆಂಡು ಸದ್ದು! ನಡುವೆ ಕರೆಂಟ್ ಹೋದರೆ ಎಲ್ಲವೂ ಮಣ್ಣು. ಆದ್ದರಿಂದ ಅವರು ಅಂಕಿಗಳನ್ನು ಹೇಳುವುದು, ನಾನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಎಂದಾಯಿತು. ನಮ್ಮ ಮೇಷ್ಟ್ರು ಕಲಿಸಿದ ಕನ್ನಡ ಅಂಕಿಗಳಲ್ಲೇ ಬರೆದೆ. "ಇದನ್ನ ಕಂಪ್ಯೂಟರ್ ನೋಡಿದ್ರೆ ಓಡಿಹೋಗುತ್ತೆ ಕಣೇ," ಎಂದು ತಾತ ರೇಗಿಸುತ್ತಿದ್ದರು.

ಹೋಲಿಸಿ ನೋಡಲೆಂದು ಅವರು ದೇವರ ಮನೆಯ ಗಂಟೆಯನ್ನು ಮತ್ತೆ ಮತ್ತೆ ಬಾರಿಸುತ್ತಿದ್ದರು. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ, "ಏನ್ರೀ, ನಿಮ್ಮನೇಲಿ ದಿನಕ್ಕೆ ಎಷ್ಟು ಸಲ ಮಂಗಳಾರತಿ? ಪ್ರಸಾದ ಮಾತ್ರ ಈ ಕಡೆ ಬರಲ್ಲ!" ಎಂದು ಕೇಳಿದರು. ನಾನು ನಾಚಿ ಒಳಗೆ ಬಂದುಬಿಟ್ಟೆ. ಪ್ರಸಾದಕ್ಕೆ ಇವರ ಗಂಟೆ ಮೊದಲು ಗಂಟೆಯಾಗಬೇಕಲ್ಲ! ನಾದಕ್ಕೆಂದು ಅವರು ಕೂಡಿಸಿದ್ದ ಐದು ಸ್ವರಗಳು ಒಟ್ಟಿಗೆ ಹುಟ್ಟಿ ಒಟ್ಟಿಗೆ ಸಾಯುತ್ತಿದ್ದವು, ಹಾರ್ಮೋನಿಯಂನ ತಿದಿ ಮುಚ್ಚಿದ ಹಾಗೆ.

ಅಷ್ಟರಲ್ಲಿ ಗುರುಮೂರ್ತಿಯವರಿಂದ ಕಾಗದ ಬಂತು. ಊರಿಗೆ ವಾಪಸ್ ಬರುತ್ತಿದ್ದಾರೆ, ಮಗಳ ಓದಿಗೆ ಕಂಪ್ಯೂಟರ್ ಬೇಕು, ಭಾನುವಾರ ಒಯ್ಯುತ್ತಾರೆ. ತಾತ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಒಂದೇ ಒಂದ್ ಸಲ ಸರಿಯಾಗಿ ಬಾರಿಸಿಬಿಟ್ಟಿದ್ರೆ ಸಾಕಿತ್ತು," ಅಂದರು.

ಅದರ ತಪ್ಪೇನೆಂದು ನನಗೆ ಎಂದೋ ಗೊತ್ತಾಗಿತ್ತು. ಆದರೆ ಓದಿದವರ ಕೆಲಸದಲ್ಲಿ ನಾನು ಬಾಯಿ ಹಾಕುವುದೇ? ಶನಿವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲ ಹಿಂದೆ ನಿಂತೇ ಹೇಳಿದೆ.

"ನೋಡಿ, ಚಿಕ್ಕಂದಿನಲ್ಲಿ ಅಮ್ಮ ನನ್ನನ್ನ ಸಂತೆಗೆ ಕರ್ಕೊಂಡು ಹೋಗಿ ಮಡಕೆ ತಟ್ಟಿಸ್ತಿದ್ಳು. ತಟ್ಟಿದ್ದು ಕೇಳಬೇಡ, ಆಮೇಲೆ ಉಳಿಯೋದು ಕೇಳು ಅಂತಿದ್ಳು. ನಿಮ್ಮ ಗಂಟೇಲಿ ಏನೂ ಉಳಿಯಲ್ಲ. ನಿಜವಾದ್ರಲ್ಲಿ ಮೇಲಿನ ಸದ್ದು ಬೇಗ ಹೋಗುತ್ತೆ. ಕೆಳಗಿಂದು ನಿಧಾನವಾಗಿ ಹೋಗುತ್ತೆ."

ತಾತ ಎದ್ದು ದೇವರ ಗಂಟೆಯನ್ನು ಒಮ್ಮೆ ಬಾರಿಸಿದರು. ಕಣ್ಣು ಮುಚ್ಚಿ, ಅದು ಪೂರ್ತಿ ನಿಲ್ಲುವವರೆಗೆ ಕೇಳಿದರು. "ಇಷ್ಟು ದಿನ ಯಾಕೆ ಸುಮ್ನಿದ್ದೆ?" ಅಂದರು. ಕೋಪವಿರಲಿಲ್ಲ. "ಪುಸ್ತಕ ತಗೊಂಡ್ ಬಾ."

ಒಂದೊಂದು ಸ್ವರಕ್ಕೂ ಒಂದೊಂದು ಅಳತೆ ಕೊಟ್ಟರು, ಯಾವುದು ಎಷ್ಟು ಹೊತ್ತು ಬದುಕಬೇಕೆಂದು. ಆ ಸಾಲಿನ ಮೇಲೆ ನಾನು 'ಆಯಸ್ಸು' ಎಂದು ಬರೆದೆ. ಗುಂಡಿ ಒತ್ತಿದರು. ನಾನು ಅಕ್ಕಿ ತೊಳೆಯಲು ಹೋದೆ.

ಅನ್ನ ಬಸಿಯುತ್ತಿದ್ದೆ. ಆಗ ಅದು ಬಂತು. ದೇವರ ಮನೆಯಲ್ಲಿ ಯಾರಿದ್ದಾರೆಂದು ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಕಂಚಿಲ್ಲ, ನಾಲಗೆಯಿಲ್ಲ, ಬಾರಿಸಿದ ಕೈಯಿಲ್ಲ. ಸೋಪಿನ ಡಬ್ಬಿ, ಮತ್ತು ನನ್ನ ಕೈಬರಹದ ಅಂಕಿಗಳು! ನನಗರಿವಿಲ್ಲದೆ ಕೈ ಮುಗಿದಿದ್ದೆ. ಏನಾದರೂ ಹೇಳಲು ಹೋದರೆ ತಾತ ಬೆರಳೆತ್ತಿ ತಡೆದರು. ಕೆಳಗಿನ ಸ್ವರ ಇನ್ನೂ ಇತ್ತು.

ಮರುದಿನ ಗುರುಮೂರ್ತಿ ಅದನ್ನು ಎರಡು ಸಲ ಕೇಳಿ, "ಅಲ್ಲಯ್ಯಾ, ಇದು ನಿನಗೆ ಎಲ್ಲಿಂದ ಹೊಳೀತು?" ಅಂದರು. ತಾತ ಅಡುಗೆಮನೆಯ ಕಡೆ ಕೈ ತೋರಿಸಿದರು. ನಾನು ಕಾಫಿಯನ್ನು ಬಾಗಿಲಲ್ಲೇ ಇಟ್ಟು ಓಡಿದೆ. ಸಂಜೆ ಕಂಪ್ಯೂಟರ್ ಆಟೋ ಹತ್ತಿ ಹೋಯಿತು.

ತಾತ ಹೋಗಿ ಎಷ್ಟೋ ವರ್ಷಗಳಾದವು. ಮಡಕೆ ತಂದ ದಿನ ಆ ನೋಟ್‌ಬುಕ್ಕನ್ನು ಸಿರಿಗೆ ತೋರಿಸಿದೆ. "ಅಜ್ಜಿ, ಈ ಅಂಕಿ ನಂಗೆ ಓದಕ್ಕೆ ಬರಲ್ಲ, ನೀವೇ ಹೇಳಿ," ಎಂದು ಲ್ಯಾಪ್‌ಟಾಪ್ ತೆರೆದಳು. ತಾತ ನನಗೆ ಹೇಳಿದಂತೆ ನಾನು ಅವಳಿಗೆ ಒಂದೊಂದೇ ಹೇಳಿದೆ. ಅವಳು ಅವನ್ನು ಸದ್ದಾಗಿಸುವ ನಾಲ್ಕು ಸಾಲು ಬರೆದು ಗುಂಡಿ ಒತ್ತುತ್ತಲೇ ನಾನು ಅಕ್ಕಿ ಡಬ್ಬದತ್ತ ಎದ್ದೆ. ಎರಡು ಹೆಜ್ಜೆ ಇಡುವುದರೊಳಗೆ ಗಂಟೆ ಮೊಳಗಿತು.

"ಅಜ್ಜಿ, ಸಖತ್..." ಎಂದು ಅವಳು ಶುರುಮಾಡಿದಳು. ನಾನು ಬೆರಳೆತ್ತಿದೆ. ಮೇಲಿನ ಸ್ವರಗಳು ಒಂದೊಂದಾಗಿ ಹೋದವು. ಕೆಳಗಿನದು ಇನ್ನೂ ಇತ್ತು. ಅದು ಹೋಗುವವರೆಗೂ ಇಬ್ಬರೂ ನಿಂತೇ ಇದ್ದೆವು.