ನಾರಿನ ಒಂದು ಎಳೆ

ಹೋದ ಭಾನುವಾರ ಬೆಳಿಗ್ಗೆ ಮನೆ ಮುಂದೆ ಕಾರಿನ ಬಾನೆಟ್ ಎತ್ತಿ, ಹಳೆಯ ಡೀಸೆಲ್ ಫಿಲ್ಟರ್ ಬಿಚ್ಚಿ, ಮೊಣಕೈವರೆಗೂ ಡೀಸೆಲ್ ಸುರಿಸಿಕೊಂಡು ನಿಂತಿದ್ದೆ. ಒರೆಸಿಕೊಳ್ಳಲು ಏನಾದರೂ ಕೊಡು ಎಂದು ಕೂಗಿದ್ದಕ್ಕೆ ಹೆಂಡತಿ ಹಿತ್ತಲಿನಿಂದ ಒಂದು ಹಿಡಿ ತೆಂಗಿನ ನಾರು ತಂದು ಮುಂದೆ ಹಿಡಿದಳು. ಅವಳದೇನೂ ತಪ್ಪಿಲ್ಲ. ನಮ್ಮ ತಿಪಟೂರು ಸೀಮೆಯಲ್ಲಿ ಪಾತ್ರೆ ಉಜ್ಜಲು, ಎಮ್ಮೆ ಮೈ ತಿಕ್ಕಲು, ಒಲೆ ಹೊತ್ತಿಸಲು, ಸೈಕಲ್ ಚೈನು ಒರೆಸಲು, ಎಲ್ಲಕ್ಕೂ ನಾರೇ. ಆದರೆ ಡೀಸೆಲ್ಲಿನ ವಾಸನೆ, ಅದರ ಜೊತೆಗೆ ಒಣ ನಾರಿನ ಆ ದೂಳು ವಾಸನೆ... ಎರಡೂ ಒಟ್ಟಿಗೆ ಮೂಗಿಗೆ ಬಂದದ್ದೇ ಚಾಚಿದ್ದ ಕೈ ಹಿಂದಕ್ಕೆ ಬಂತು.

"ಇದು ಬೇಡ. ಹಳೇ ಪಂಚೆ ಯಾವುದಾದ್ರೂ ಇದ್ರೆ ಹರಿದು ಕೊಡು" ಎಂದೆ.

"ಊರಿಗೆಲ್ಲ ನಾರು ಆಗ್ತದೆ, ಇವ್ರಿಗೆ ಪಂಚೆ ಬೇಕಂತೆ" ಎಂದು ಗೊಣಗುತ್ತ ಅವಳು ಒಳಗೆ ಹೋದಳು. ನಾರನ್ನು ಕಾರಿನ ಮಡ್‌ಗಾರ್ಡಿನ ಮೇಲೆ ಇಟ್ಟು ಹೋಗಿದ್ದಳು. ಅದನ್ನೇ ನೋಡುತ್ತ ನಿಂತೆ.

ಹಾಲ್ಕುರಿಕೆ ರಸ್ತೆಯಲ್ಲಿ ನಾಲ್ಕು ತೆಂಗಿನ ಮರಗಳ ಪಕ್ಕ ತಗಡು ಹೊದಿಸಿದ ಶೆಡ್ಡಿತ್ತು. ಅಲ್ಲಿದ್ದ ಮೆಕ್ಯಾನಿಕ್ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಬೇರೆ ಶೆಡ್ಡುಗಳಲ್ಲಿ ನೆಲವೆಲ್ಲ ಎಣ್ಣೆ ಜಿಡ್ಡಾದರೆ ಇವರದರಲ್ಲಿ ಗುಡಿಸಿದ ಮಣ್ಣಿನ ನೆಲ, ಎರಡು ಮರಗಳ ನಡುವೆ ತಂತಿ, ತಂತಿಯ ಮೇಲೆ ಸಾಲಾಗಿ ಬಿಳಿ ಬಟ್ಟೆಯ ಚೌಕಗಳು. ಗಿರಾಕಿಗಳ ಮನೆಯ ಹಳೆಯ ಪಂಚೆಗಳನ್ನು ಕೇಳಿ ಪಡೆದು, ಒಗೆದು, ಅಂಗೈ ಅಗಲಕ್ಕೆ ಕತ್ತರಿಸಿ ಒಣಗಿಸುತ್ತಿದ್ದರು. ನಮ್ಮಪ್ಪನ ಎರಡು ಪಂಚೆಗಳೂ ಆ ತಂತಿಯ ಮೇಲೆ ಹೋಗಿದ್ದವು. ಫಿಲ್ಟರ್, ಪಂಪು, ಪೈಪಿನ ಬಾಯಿ ಯಾವುದನ್ನು ಬಿಚ್ಚಿದರೂ ಮೊದಲು ಹೊಸ ಚೌಕ ಒಂದನ್ನು ಕೈಗೆ ತೆಗೆದುಕೊಳ್ಳುತ್ತಿದ್ದರು. ಅವರ ಶೆಡ್ಡಿನೊಳಕ್ಕೆ ನಾರು ತರುವ ಹಾಗಿರಲಿಲ್ಲ. ಒಮ್ಮೆ ಬಿಳಿಗೆರೆ ಕಡೆಯ ರೈತರೊಬ್ಬರು ಟ್ರ್ಯಾಕ್ಟರಿನ ಡೀಸೆಲ್ ಪೈಪನ್ನು ನಾರಿನಲ್ಲಿ ಒರೆಸಲು ಹೋದಾಗ ಓಡಿಬಂದು ಕಿತ್ತುಕೊಂಡಿದ್ದರು.

"ನಾರು ಪಾತ್ರೆ ಉಜ್ಜಕ್ಕೆ ಕಣಪ್ಪ, ಎಂಜಿನ್‌ಗಲ್ಲ. ಕೂದ್ಲಷ್ಟು ಎಳೆ ಕಚ್ಕಂಡ್ರೂ ಸಾಕು, ಗಾಳಿ ಎಳ್ಕತದೆ, ಎಂಜಿನ್ ನಿಂತೋಯ್ತದೆ."

ಆ ಮಾತು ಹೇಳುವಾಗ ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ತಲೆಯಾಡಿಸಿದ್ದೆ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು ನಾನು. ಗಾಳಿಯ ಒತ್ತಡ, ನಿರ್ವಾತ, ಎಲ್ಲ ಬೋರ್ಡಿನ ಮೇಲೆ ಚೆನ್ನಾಗಿಯೇ ಬರುತ್ತಿತ್ತು.

ನನ್ನ ಇನ್ನೊಂದು ವಿದ್ಯೆ ಚಿಂತೆ. ಮಳೆ ಬಂದರೆ ಸೋರೀತು ಎಂದು, ಬಾರದಿದ್ದರೆ ಬೋರ್‌ವೆಲ್ ಬತ್ತೀತು ಎಂದು ಚಿಂತೆ. ಕಾರು ತಗೊಂಡ ಮೇಲೆ ಅದಕ್ಕೊಂದು ಖಾಯಂ ನೆಲೆ ಸಿಕ್ಕಿತು. ಎಂಟು ವರ್ಷದ ಹಿಂದೆ ಒಮ್ಮೆ ಎಂಜಿನ್ ಆಯಿಲ್ ಬದಲಿಸಲು ಬಿಟ್ಟಾಗ, ಡೀಸೆಲ್ ಫಿಲ್ಟರನ್ನೂ ಹಾಕಿಬಿಡಿ ಎಂದೆ. ಅವರು ತಟ್ಟಿ ನೋಡಿ, "ಇನ್ನೂ ಆರ್ ತಿಂಗ್ಳು ಬತ್ತದೆ, ಬುಡಿ ಮೇಷ್ಟ್ರೇ" ಎಂದರು. ಮನೆಗೆ ಬಂದೆ. ಮೂರು ದಿನ ಆ ಫಿಲ್ಟರೇ ತಲೆಯೊಳಗೆ ಕೂತಿತ್ತು. ಬರುವ ವಾರ ಭಾವನನ್ನು, ಎಂದರೆ ಹೆಂಡತಿಯ ಅಣ್ಣನನ್ನು, ಅವರ ಮಗಳಿಗೆ ಗಂಡಿನ ಮನೆ ನೋಡಲು ನಾನೇ ಕರೆದೊಯ್ಯಬೇಕಿತ್ತು. ದಾರಿಯಲ್ಲಿ ಕೈಕೊಟ್ಟರೆ? ಕೊನೆಗೆ ನಾನೇ ಒಂದು ಹೊಸ ಫಿಲ್ಟರ್ ತಂದು, ಮೊಬೈಲಿನಲ್ಲಿ ಎರಡು ವಿಡಿಯೋ ನೋಡಿ, ಹೆಂಡತಿ ಮನೆಯಲ್ಲಿಲ್ಲದ ಭಾನುವಾರ ಮನೆ ಮುಂದೆ ಕೂತು ಬದಲಿಸಿದೆ. ಹೊಸ ಫಿಲ್ಟರಿಗೆ ಡೀಸೆಲ್ ತುಂಬಿ, ತಿರುಗಿಸಿ ಕೂರಿಸಿ, ಮೇಲಿನ ಕೈಪಂಪು ಒತ್ತಿ ಗಾಳಿ ತೆಗೆದೆ. ಎಂಜಿನ್ ಹೊತ್ತಿತು. ಎದೆಯುಬ್ಬಿಸಿಕೊಂಡು ಬೀದಿಯ ಆ ತುದಿಯಿಂದ ಈ ತುದಿಗೆ ಎರಡು ಸುತ್ತು ಹಾಕಿದೆ. ಹೆಂಡತಿಗೂ ಹೇಳಲಿಲ್ಲ, ಮೆಕ್ಯಾನಿಕ್‌ಗೂ ಹೇಳಲಿಲ್ಲ. ಅವರ ಮಾತು ನಂಬಲಿಲ್ಲ ಎಂದಾಗುತ್ತದಲ್ಲ ಎಂಬ ಸಂಕೋಚ.

ಫಿಲ್ಟರ್ ಕೂರುವ ಜಾಗವನ್ನು ಒರೆಸಲು ಕೈಗೆ ಸಿಕ್ಕಿದ್ದು ನಾರು. ಒರೆಸಿದ್ದೆ.

ಚಿಕ್ಕನಾಯಕನಹಳ್ಳಿ ಕಡೆಗೆ ಹೊರಟ ದಿನ ರಾಹುಕಾಲಕ್ಕೆ ಮೊದಲು ಗಂಡಿನ ಮನೆ ಹೊಸಿಲು ದಾಟಬೇಕೆಂದು ಭಾವನ ಕಟ್ಟಪ್ಪಣೆ. ಕಾರಿನಲ್ಲಿ ಭಾವ, ಅವರ ಹೆಂಡತಿ, ನನ್ನ ಹೆಂಡತಿ, ತಟ್ಟೆಯಲ್ಲಿ ಹಣ್ಣು ಹೂವು. ಕಿಬ್ಬನಹಳ್ಳಿ ಕ್ರಾಸಿನಲ್ಲಿ, ಬಸ್ಸು ನಿಲ್ಲುವ ಜಾಗದಲ್ಲೇ, ಕಾರು ಎರಡು ಸಲ ಕೆಮ್ಮಿ ನಿಂತುಹೋಯಿತು. ಕೀ ತಿರುಗಿಸಿದೆ, ಮತ್ತೆ ತಿರುಗಿಸಿದೆ. ಬಸ್ಸಿಗೆ ಕಾದಿದ್ದವರೆಲ್ಲ ನಮ್ಮತ್ತ ತಿರುಗಿದರು. ಭಾವನಿಗೆ ಕೊಬ್ಬರಿ ಮಂಡಿ, ಮೂರು ಗೂಡ್ಸ್ ಗಾಡಿ. ಆ ಮೂರೂ ಗಾಡಿಗಳ ಕೆಲಸ ನಡೆಯುತ್ತಿದ್ದುದು ಅದೇ ಶೆಡ್ಡಿನಲ್ಲಿ.

"ಯಾರ್ರೀ ಇದುಕ್ಕೆ ಕೈ ಹಾಕಿದ್ದು?" ಎಂದರು ಭಾವ.

ಒಂದು ಗಳಿಗೆ ಸುಮ್ಮನಿದ್ದರೂ ಸಾಕಿತ್ತು... ಇರಲಿಲ್ಲ. "ಹೋದ ವಾರ ನಮ್ಮ ಮೆಕ್ಯಾನಿಕ್ಕೇ ಮಾಡಿದ್ದು. ಏನು ಮಾಡಿದನೋ" ಎಂದುಬಿಟ್ಟೆ. ಅಲ್ಲಿಯವರೆಗೂ ಅವರನ್ನು ಏಕವಚನದಲ್ಲಿ ಅಂದವನಲ್ಲ.

ಫೋನ್ ಮಾಡಿದ್ದಕ್ಕೆ ಅವರು ಕೈಲಿದ್ದ ಕೆಲಸ ಬಿಟ್ಟು ಮೊಪೆಡ್ಡಿನಲ್ಲಿ ಬಂದರು. ಬಾನೆಟ್ ಎತ್ತಿದರು. ತಾವು ಹಾಕದ ಹೊಸ ಫಿಲ್ಟರ್ ಅಲ್ಲಿ ಮಿರಮಿರ ಮಿನುಗುತ್ತಿತ್ತು. ಬಿಚ್ಚಿದರು. ಅಂಚಿನ ರಬ್ಬರ್ ರಿಂಗಿನ ಮೇಲೆ ನಾರಿನ ಒಂದೇ ಒಂದು ಎಳೆ, ಚಪ್ಪಟೆಯಾಗಿ ಅಂಟಿಕೊಂಡಿತ್ತು. ಆ ಸಂದಿನಿಂದ ಇಷ್ಟಿಷ್ಟೇ ಗಾಳಿ ಎಳೆದು ಎಂಜಿನ್ ಸತ್ತಿತ್ತು. ಉಗುರಿನಿಂದ ಅದನ್ನು ಎತ್ತಿ ಬಿಸಿಲಿಗೆ ಹಿಡಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಕ್ರಾಸಿನ ಬೋರ್ಡು ಓದತೊಡಗಿದೆ. ಎಷ್ಟೋ ಸಲ ಓದಿದ ಬೋರ್ಡು, ಅಂದು ಬಹಳ ಶ್ರದ್ಧೆಯಿಂದ ಓದಿದೆ.

"ಏನದು, ನಾರಾ? ಊರಿಗೆಲ್ಲ ಬುದ್ಧಿ ಹೇಳ್ತೀಯಲ್ಲಪ್ಪ ನೀನು" ಎಂದು ಭಾವ ಮೆಕ್ಯಾನಿಕ್‌ನತ್ತ ತಿರುಗಿದರು.

ಆಗಲೂ ಬಾಯಿ ಬಿಡಬಹುದಿತ್ತು. ಭಾವನ ಹೆಂಡತಿ ಹೂವಿನ ತಟ್ಟೆ ಹಿಡಿದು ನೋಡುತ್ತಿದ್ದರು, ಬಸ್ಸಿನವರು ನೋಡುತ್ತಿದ್ದರು.

"ನಂದೇ ತೆಪ್ಪು ಸಾಮಿ" ಎಂದರು ಅವರು. "ಅವತ್ತು ಬಟ್ಟೆ ಸಿಗ್ನಿಲ್ಲ. ನಾರಲ್ಲಿ ಒರೆಸ್ಬುಟ್ಟೆ."

ನಲವತ್ತು ವರ್ಷ ನಾರನ್ನು ಶೆಡ್ಡಿನ ಹತ್ತಿರ ಬಿಟ್ಟುಕೊಳ್ಳದ ಮನುಷ್ಯ ಆ ಮಾತನ್ನು ಬಸ್‌ಸ್ಟಾಪಿನಲ್ಲಿ, ಜನರ ಮುಂದೆ, ನನ್ನ ಸಲುವಾಗಿ ಆಡಿದರು. ಜೇಬಿನ ಪ್ಲಾಸ್ಟಿಕ್ ಕವರಿನಿಂದ ಬಿಳಿ ಚೌಕ ತೆಗೆದು ರಿಂಗು ಒರೆಸಿ, ಫಿಲ್ಟರ್ ಕೂರಿಸಿ, ಗಾಳಿ ತೆಗೆದರು. ಕಾರು ಹೊತ್ತಿತು. ಹೊರಡುವಾಗ ಕಿಟಕಿಯ ಬಳಿ ಬಂದು ಇನ್ನೊಂದು ಹೊಸ ಚೌಕವನ್ನು ನನ್ನ ಕೈಗಿಟ್ಟರು.

"ಇಟ್ಕಳಿ ಮೇಷ್ಟ್ರೇ. ಬೇಕಾಯ್ತದೆ."

ಅಷ್ಟೇ. ರಾಹುಕಾಲಕ್ಕೆ ಮೊದಲೇ ತಲುಪಿದೆವು, ಸಂಬಂಧವೂ ಕುದುರಿತು. ಆ ವಾರವೇ ಭಾವ ಮೂರೂ ಗಾಡಿಗಳನ್ನು ಬೇರೆ ಕಡೆಗೆ ಬಿಟ್ಟರು. ಮಂಡಿಯಲ್ಲಿ ಕೂತು ಕ್ರಾಸಿನ ಕಥೆಯನ್ನು ಬಂದವರಿಗೆಲ್ಲ ಹೇಳಿದರು. ಅವರ ಬಾಯಿಂದ ಹೊರಟ ಹೆಸರು ಊರಿನಲ್ಲಿ ನಿಂತಿತು: ನಾರು ಮೆಕ್ಯಾನಿಕ್ಕು.

ನಾನು? ಮುಖ ತೋರಿಸಲಾರದೆ ನಾನೂ ಬೇರೆ ಗ್ಯಾರೇಜಿಗೆ ಹೋಗತೊಡಗಿದೆ. ಒಂದೆರಡು ತಿಂಗಳ ಮೇಲೆ, ಹೇಳಿಯೇಬಿಡುತ್ತೇನೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಶೆಡ್ಡಿಗೆ ಹೋಗಿದ್ದೆ. ಅಲ್ಲಿ ಒಂದು ಮೊಪೆಡ್ ಬಿಟ್ಟರೆ ಬೇರೆ ಗಾಡಿ ಇರಲಿಲ್ಲ. ತಂತಿಯ ಮೇಲೆ ಚೌಕಗಳು ಮಾತ್ರ ಮೊದಲಿನ ಹಾಗೆಯೇ ಒಣಗುತ್ತಿದ್ದವು.

"ಗಾಡಿ ಹೆಂಗೈತೆ ಮೇಷ್ಟ್ರೇ?"

"ಚೆನ್ನಾಗಿದೆ."

"ಸಾಕು ಬುಡಿ."

ಟೈರಿನ ಗಾಳಿ ನೋಡಿ ಎಂದೆ. ನಾಲ್ಕೂ ಸರಿಯಾಗಿದ್ದವು. ಬಂದುಬಿಟ್ಟೆ. ಆಮೇಲೆ ಶೆಡ್ಡು ಮುಚ್ಚಿತು. ಮುಚ್ಚಿದ್ದು ಆ ಹೆಸರಿನಿಂದಲೋ, ಅವರ ಮಂಡಿನೋವಿನಿಂದಲೋ ಎಂದು ನಾನು ಯಾರನ್ನೂ ಕೇಳಲಿಲ್ಲ. ಎರಡು ವರ್ಷದ ಹಿಂದೆ ಅವರು ತೀರಿಕೊಂಡರು ಎಂಬುದು ಹದಿನೈದು ದಿನ ಕಳೆದ ಮೇಲೆ ಗೊತ್ತಾಯಿತು.

ಹೋದ ಭಾನುವಾರ ಹೆಂಡತಿಗೆ ಪಂಚೆ ಸಿಗಲಿಲ್ಲ. ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಿಂದ ಆ ಬಿಳಿ ಚೌಕ ತೆಗೆದೆ. ಎಂಟು ವರ್ಷ ಮಡಿಚಿದಂತೇ ಇತ್ತು, ಮಡಿಕೆಯ ಗುಂಟ ಹಳದಿಯಾಗಿತ್ತು. ಅದರಲ್ಲೇ ರಿಂಗು ಒರೆಸಿ ಹೊಸ ಫಿಲ್ಟರ್ ಕೂರಿಸುತ್ತಿದ್ದಾಗ ಕಾಫಿಗೆಂದು ಭಾವ ಬಂದರು.

"ಏನ್ ಮೇಷ್ಟ್ರೇ, ನೀವೇ ಇಳಿದ್ರಾ? ನಾರು ಮೆಕ್ಯಾನಿಕ್ಕು ಹೋದ್ಮ್ಯಾಲೆ ಊರಿಗೆ ನೀವೇನಾ?"

"ಆ ನಾರು ನಂದು ಭಾವ" ಎಂದೆ. "ಅವರು ಆ ಫಿಲ್ಟರ್ ಮುಟ್ಟೇ ಇರ್ಲಿಲ್ಲ. ನಾನೇ ಹಾಕಿ, ನಾನೇ ಒರೆಸಿದ್ದು."

ಭಾವ ನಕ್ಕು, ಡೀಸೆಲ್ ತಾಗದಂತೆ ಎರಡು ಬೆರಳಿನಲ್ಲಿ ನನ್ನ ಬೆನ್ನು ತಟ್ಟಿದರು. "ಬುಡಿ ಮೇಷ್ಟ್ರೇ. ಸತ್ತೋರ್ಗೆ ಕೆಟ್ಟೆಸ್ರು ಬ್ಯಾಡ ಅಂತ ನಿಮ್ ತಲೆ ಮ್ಯಾಲೆ ಹಾಕ್ಕಂತೀರ. ಅವ್ನೇ ಒಪ್ಕಂಡಿದ್ದುನ್ನ ನಾನೇ ಕಿವಿಯಾರೆ ಕೇಳಿಲ್ವಾ?"

ಮತ್ತೆ ಹೇಳಹೋದೆ. ಅವರು ಆಗಲೇ ಹೊಸಿಲು ದಾಟಿದ್ದರು. "ನಿನ್ ಗಂಡ ದೇವ್ರಂತೋನು ಕಣಮ್ಮ" ಎಂದು ತಂಗಿಗೆ ಹೇಳುತ್ತಿದ್ದುದು ಹೊರಗೂ ಕೇಳಿಸಿತು.

ಕೈಪಂಪು ಒತ್ತಿ ಗಾಳಿ ತೆಗೆದು, ಒಳಗೆ ಕೂತು ಕೀ ತಿರುಗಿಸಿದೆ. ಮೊದಲ ಸಲಕ್ಕೇ ಹೊತ್ತಿತು. ಬಹಳ ಹೊತ್ತು ಹಾಗೇ ಓಡಲು ಬಿಟ್ಟೆ. ಒಮ್ಮೆಯೂ ಕೆಮ್ಮಲಿಲ್ಲ. ಗಾಡಿ ಹೆಂಗೈತೆ ಮೇಷ್ಟ್ರೇ ಎಂದು ಕೇಳುವವರು ಮಾತ್ರ ಇರಲಿಲ್ಲ.